ಗಣಕಯಂತ್ರದ ಸೂಚಿಯೂ ಅಮರಕೋಶದ ವರ್ಗಕ್ರಮವೂ

ಗಣಕಯಂತ್ರವು ಇಂದು ಹೊಸಪೇಟೆ, ಕಂಪ್ಲಿ, ಸಂಡೂರುಗಳಲ್ಲಿ ಮಾತ್ರವಲ್ಲದೆ ನಮ್ಮ ಪಾಪಿನಾಯಕನಹಳ್ಳಿಯಂತಹ ಗ್ರಾಮಗಳಲ್ಲಿಯೂ ಪ್ರವೇಶಿಸಿರುವುದು ವಾಚಕಮಹಾಶಯರಿಗೆ ವಿದಿತವೇ ಸರಿ. ಆ ಯಂತ್ರದಲ್ಲಿ ನಮಗೆ ಬೇಕಾದ ತಂತ್ರಾಂಶವನ್ನು ತೆರೆಯುವುದಕ್ಕೆ ಒಂದು ಪಟ್ಟಿಯುಂಟು. ಅದನ್ನು ಮೆನು ಎನ್ನುವರು. ಸೂಚಿ ಎಂದರೆ ನಮ್ಮ ಕಿವಿಗೆ ಹಿತ. ಮೂವತ್ತು ವರ್ಷಗಳಲ್ಲಿ ಈ ಸೂಚಿಯು ಹೇಗೆ ಹೇಗೆ ಮಾರ್ಪಟ್ಟಿತು, ಅದರಿಂದ ಯಾರು ಬಳಲಿದರು ಎಂಬುದನ್ನು ಇಲ್ಲಿ ನಿರೂಪಿಸಲು ಯತ್ನಿಸಿದೆ.

1990ರಲ್ಲಿ ಬಂದ ವಿಂಡೋಸ್ 3.0 ಎಂಬುದರಲ್ಲಿ ತಂತ್ರಾಂಶಗಳ ಚಿಹ್ನೆಗಳು ಹಲವು ಪೆಟ್ಟಿಗೆಗಳಲ್ಲಿ ಹರಡಿಕೊಂಡಿದ್ದವು. ಹೊಸಬರಿಗೆ ಎಲ್ಲಿಂದ ಆರಂಭಿಸಬೇಕೆಂಬುದೇ ತೋಚುತ್ತಿರಲಿಲ್ಲ. ಈ ತೊಡಕನ್ನು ಪರಿಹರಿಸಲು ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿದ್ದ ಡ್ಯಾನಿ ಓರಾನ್ ಎಂಬವರು ಶ್ರಮಿಸಿದರು. ಅದರ ಫಲವಾಗಿ, 1995ನೆಯ ಆಗಸ್ಟ್ 24ರಂದು ಹೊರಬಂದ ವಿಂಡೋಸ್ 95ರಲ್ಲಿ ಪರದೆಯ ಕೆಳಗಿನ ಎಡಮೂಲೆಯಲ್ಲಿ 'ಸ್ಟಾರ್ಟ್' ಎಂಬ ಗುಂಡಿಯು ಕಾಣಿಸಿಕೊಂಡಿತು. ಅದನ್ನು ಒತ್ತಿದರೆ ಸೂಚಿ, ಸೂಚಿಯೊಳಗೆ ವರ್ಗಗಳು, ವರ್ಗದೊಳಗೆ ಉಪವರ್ಗಗಳು. ಆಟಗಳೆಲ್ಲ ಒಂದು ಕಡೆ. ಗುಣಾಕಾರದ ಯಂತ್ರವೂ ಬಣ್ಣದ ಫಲಕವೂ 'ಆಕ್ಸೆಸರೀಸ್' ಎಂಬಲ್ಲಿ.

ಪಾಠಶಾಲೆಯಲ್ಲಿ ಓದಿದವರಿಗೆ ಇದು ಅಪರಿಚಿತವಾದ ಕ್ರಮವಲ್ಲ. ಅಮರಸಿಂಹನು ತನ್ನ ಕೋಶವನ್ನು ಮೂರು ಕಾಂಡಗಳಾಗಿ ವಿಭಾಗಿಸಿ, ಕಾಂಡಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾನಷ್ಟೆ. ಗಿಡಮೂಲಿಕೆಯ ಹೆಸರು ಬೇಕಾದರೆ ಬಾಲಕನು ಎರಡನೆಯ ಕಾಂಡದ ವನೌಷಧಿವರ್ಗಕ್ಕೆ ಹೋಗುವನೇ ಹೊರತು ಅಕಾರಾದಿಯಾಗಿ ಹುಡುಕುವುದಿಲ್ಲ. ಅಕಾರಾದಿಯಲ್ಲಿ ದೋಷವಿದೆಯೆಂದು ನನ್ನ ಅಭಿಪ್ರಾಯವಲ್ಲ. 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು ಅದೇ ಕ್ರಮದ್ದು, ಅದರ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಒಂದು ಕ್ರಮವನ್ನು ಕಂಠಸ್ಥಮಾಡಿದವನ ಕೈಗೆ, ಒಂದು ರಾತ್ರಿ ಕಳೆಯುವಷ್ಟರಲ್ಲಿ, ಇನ್ನೊಂದು ಕ್ರಮದ ಪುಸ್ತಕವನ್ನು ಕೊಟ್ಟರೆ ಅವನ ಅಭ್ಯಾಸವೆಲ್ಲ ನಿಷ್ಫಲವಾಗುವುದು.

ವಿಂಡೋಸಿನಲ್ಲಿ ಆದುದು ಇದೇ. 2001ರ ಎಕ್ಸ್‌ಪಿಯಲ್ಲಿ ಸೂಚಿಯು ಎರಡು ಅಂಕಣಗಳಾಯಿತಾದರೂ ಹಳೆಯ ರೂಪವನ್ನು ಆರಿಸಿಕೊಳ್ಳುವ ಅವಕಾಶವಿತ್ತು. 2009ರ ವಿಂಡೋಸ್ 7ರಲ್ಲಿ ಅದು ತಪ್ಪಿತು. 2012ನೆಯ ಅಕ್ಟೋಬರಿನಲ್ಲಿ ವಿಂಡೋಸ್ 8 ಬಂದಾಗ ಗುಂಡಿಯೂ ಇಲ್ಲ, ಸೂಚಿಯೂ ಇಲ್ಲ. ಪರದೆಯ ತುಂಬ ಬಣ್ಣಬಣ್ಣದ ಹಲಗೆಗಳು. ಬೆರಳಿನಿಂದ ಮುಟ್ಟುವ ಫಲಕಗಳ ಕಾಲ ಬಂದಿತೆಂದು ಭಾವಿಸಿ, ಮೇಜಿನ ಯಂತ್ರದವರಿಗೂ ಅದನ್ನೇ ವಿಧಿಸಿದರು. ಲೋಕದಲ್ಲಿ ಕೋಲಾಹಲವೆದ್ದಿತು. ಮರುವರ್ಷ 8.1ರಲ್ಲಿ ಗುಂಡಿ ಮಾತ್ರ ಮರಳಿತು, ಒತ್ತಿದರೆ ಮತ್ತೆ ಅವೇ ಹಲಗೆಗಳು! ಸೂಚಿಯು ಹಿಂದಿರುಗಿದ್ದು 2015ರ ವಿಂಡೋಸ್ 10ರಲ್ಲಿ. ಸುಂಕವನ್ನು ತಪ್ಪಿಸಿಕೊಳ್ಳಲು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಅಲೆದ ವರ್ತಕರಿಗೆ ಸುಂಕದಕಟ್ಟೆಯ ಎದುರಿನಲ್ಲಿಯೇ ಬೆಳಗಾಯಿತೆಂಬ ಘಟ್ಟಕುಟೀಪ್ರಭಾತನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು.

ಮರಳಿದ ಸೂಚಿಯಾದರೂ ಹಳೆಯದಲ್ಲ; ಅದು ಆಂಗ್ಲಾಕ್ಷರಕ್ರಮದ ಉದ್ದನೆಯ ಪಟ್ಟಿ. ನಮ್ಮವರ ಸಂಕಟವಿರುವುದು ಇಲ್ಲಿಯೇ. ಆಂಗ್ಲಭಾಷೆಯನ್ನು ಬಲ್ಲವನು ಹೆಸರನ್ನು ಓದಿ ಹುಡುಕುವನು. ನಮ್ಮ ಹಳ್ಳಿಗಳಲ್ಲಿ ಯಂತ್ರವನ್ನು ಕಲಿತ ಅನೇಕರು ಹೆಸರಿನಿಂದ ಕಲಿತವರಲ್ಲ, ಸ್ಥಾನದಿಂದ ಕಲಿತವರು: ಎಡಮೂಲೆ, ಮೇಲಿನಿಂದ ಎರಡನೆಯ ಸಾಲು, ಅದರ ಪಕ್ಕದಲ್ಲಿ ಮೂರನೆಯದು. 'ನುಡಿ', 'ಬರಹ'ಗಳೆಂಬ ನಮ್ಮವೇ ತಂತ್ರಾಂಶಗಳು ಸಹ ಆ ಪಟ್ಟಿಯಲ್ಲಿ ಆಂಗ್ಲ ಲಿಪಿಯಲ್ಲಿಯೇ ನಿಂತಿರುತ್ತವೆ. ಸ್ಥಾನ ತಪ್ಪಿದರೆ ಇವರಿಗೆ ದಾರಿಯೇ ತಪ್ಪಿದಂತೆ. ಪೇಟೆಯ ಮುದ್ರಣದಂಗಡಿಯೊಂದರಲ್ಲಿ ಹೀಗೊಮ್ಮೆ ಯಂತ್ರವು ರಾತ್ರಿಯಲ್ಲಿ ತಾನಾಗಿಯೇ ನವೀಕೃತವಾಗಿ, ನನ್ನ ಒಂದು ಪುಟದ ಅರ್ಜಿಗೆ ಮಧ್ಯಾಹ್ನದವರೆಗೆ ಕಾಯಬೇಕಾಯಿತು. ಹತ್ತು ವರ್ಷ ಬೆರಳಚ್ಚಿನಲ್ಲಿ ಪಳಗಿದ್ದ ಆ ಹುಡುಗನ ಮುಖದಲ್ಲಿದ್ದ ಲಜ್ಜೆಯು ಅವನಿಗೆ ಸಲ್ಲತಕ್ಕುದಲ್ಲವೆಂದು ನನಗೆ ತೋರಿತು.

ಇದು ಒಂದೇ ಸಂಸ್ಥೆಯ ಅಪರಾಧವೆನ್ನುವಂತಿಲ್ಲ. ಲಿನಕ್ಸ್ ಪಂಥದವರೂ 2011ರಲ್ಲಿ ಗ್ನೋಮ್ 3 ಎಂಬುದರಲ್ಲಿ ಹಳೆಯ ವರ್ಗಸೂಚಿಯನ್ನು ಕೈಬಿಟ್ಟರು. ಲಿನಕ್ಸಿನ ಮೂಲಕರ್ತೃವಾದ ಲಿನಸ್ ಟೋರ್ವಾಲ್ಡ್ಸರೇ ಅದನ್ನು ಖಂಡಿಸಿ ಎಕ್ಸ್‌ಎಫ್‌ಸಿಇ ಎಂಬುದಕ್ಕೆ ವಲಸೆಹೋದರು. ಅಲ್ಲೊಂದು ವಿಶೇಷವುಂಟು: ಆ ಪಂಥದ ಮೂಲಗ್ರಂಥವು ಸರ್ವರಿಗೂ ತೆರೆದುದಾದುದರಿಂದ, ಅಸಮಾಧಾನಗೊಂಡವರು ಹಳೆಯ ರೂಪವನ್ನೇ ಎತ್ತಿಕೊಂಡು 'ಮಾಟೆ' ಎಂಬ ಹೆಸರಿನಿಂದ ಉಳಿಸಿಕೊಂಡರು. ವಿಂಡೋಸಿನವರಿಗೆ ಈ ಸೌಲಭ್ಯವಿಲ್ಲ. ಐವೋ ಬೆಲ್ಚೆವ್ ಎಂಬವರು 'ಕ್ಲಾಸಿಕ್ ಶೆಲ್' ಎಂಬ ಉಪಕರಣದಿಂದ ಹಳೆಯ ಸೂಚಿಯನ್ನು ಒದಗಿಸಿ ಉಪಕರಿಸಿದ್ದರು. 2017ರಲ್ಲಿ ಅವರೂ ಆ ಕಾರ್ಯವನ್ನು ನಿಲ್ಲಿಸಿದರು. ಆ್ಯಪಲ್ ಸಂಸ್ಥೆಯ ಮ್ಯಾಕಿಂತೋಷಿನಲ್ಲಾದರೋ, 1984ರಲ್ಲಿ ಪರದೆಯ ನೆತ್ತಿಯ ಮೇಲೆ ಇಟ್ಟ ಸೂಚಿಯ ಪಟ್ಟಿ ಇಂದಿಗೂ ಅಲ್ಲಿಯೇ ಇರುವುದು.

2021ನೆಯ ಅಕ್ಟೋಬರಿನಲ್ಲಿ ಹೊಸಪೇಟೆಯು ವಿಜಯನಗರ ಜಿಲ್ಲೆಯ ಕೇಂದ್ರವಾದ ವಾರದಲ್ಲಿಯೇ ವಿಂಡೋಸ್ 11 ಹೊರಟು, ಗುಂಡಿಯು ಎಡಮೂಲೆಯಿಂದ ನಡುವಿಗೆ ಬಂದಿತು. ಸಂಪೂರ್ಣ ಪಟ್ಟಿಯನ್ನು ಕಾಣಬೇಕಾದರೆ ಆಗ ಇನ್ನೊಂದು ಗುಂಡಿಯನ್ನು ಒತ್ತಬೇಕಾಗಿತ್ತು. 2025ರ ಕೊನೆಯಲ್ಲಿ ಮತ್ತೊಮ್ಮೆ ತಿದ್ದುಪಡಿಯಾಗಿ, ತಂತ್ರಾಂಶಗಳನ್ನು ವರ್ಗಶಃ ತೋರಿಸುವ ವ್ಯವಸ್ಥೆಯು ಬಂದಿದೆ. ಸುಂಕದಕಟ್ಟೆಯಲ್ಲಿ ಎರಡನೆಯ ಸಲ ಬೆಳಗಾಯಿತೆನ್ನಬಹುದು. ನಮ್ಮ ಊರಿನ ಬಲ್ಲವರು ಅಷ್ಟು ಕಾಯಲಿಲ್ಲ. ಬೇಕಾದ ನಾಲ್ಕೈದು ಚಿಹ್ನೆಗಳನ್ನು ಪರದೆಯ ಮೇಲೆಯೇ ಸಾಲಾಗಿ ಇಟ್ಟುಕೊಂಡು, ಸೂಚಿಯ ಗೊಡವೆಯನ್ನು ಎಂದೋ ಬಿಟ್ಟಿದ್ದಾರೆ.