ಗಂಡನ ಸಹಾಯಕಿಯಾಗಿ ಬೆಟ್ಟ ಹತ್ತಿದವರು

ಎಂ.ಟೆಕ್. ಓದುವಾಗ ರೋಹಿತ ಅಂದರೆ ನನಗೆ ಪರದೆಯ ಮೇಲಿನ ಒಂದು ಗ್ರಾಫ್, ಅಷ್ಟೇ. ಅಂಥದೊಂದು ರೋಹಿತ ಪಡೆಯಲು ಒಬ್ಬ ಹೆಣ್ಣುಮಗಳು ಗಂಡನ ಸಹಾಯಕಿಯೆಂದು ಹೆಸರು ಬರೆಸಿ ಬೆಟ್ಟ ಹತ್ತಬೇಕಾಗಿತ್ತು ಎಂದು ಗೊತ್ತಾದದ್ದು ಬಹಳ ತಡವಾಗಿ.

ಮಾರ್ಗರೆಟ್ ಬರ್ಬಿಜ್ ಹುಟ್ಟಿದ್ದು 1919ರಲ್ಲಿ, ಇಂಗ್ಲೆಂಡಿನಲ್ಲಿ. 1940ರ ದಶಕದಲ್ಲಿ ಅಮೆರಿಕದ ಕಾರ್ನೆಗಿ ಫೆಲೋಶಿಪ್‌ಗೆ ಅರ್ಜಿ ಹಾಕಿದರು. ಅದು ಸಿಕ್ಕರೆ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಕೆಲಸ; ಅಲ್ಲಿ ದೂರದರ್ಶಕ ಮುಟ್ಟಲು ಗಂಡಸರಿಗಷ್ಟೇ ಅನುಮತಿ. ಅರ್ಜಿ ವಾಪಸ್ ಬಂತು. 1955ರಲ್ಲಿ ಅದೇ ಫೆಲೋಶಿಪ್ ಅವರ ಪತಿ ಜೆಫ್ರಿಗೆ ಸಿಕ್ಕಿತು. ಜೆಫ್ರಿ ಸಿದ್ಧಾಂತದವರು, ದೂರದರ್ಶಕದಲ್ಲಿ ಪಳಗಿದ ಕೈ ಮಾರ್ಗರೆಟ್ ಅವರದು. ಆದರೂ ಕಾಗದದ ಮೇಲೆ ಅವರು ವೀಕ್ಷಕ, ಇವರು ಸಹಾಯಕಿ! ಅಲ್ಲಿನ ವಸತಿಗೃಹದ ಹೆಸರೇ 'ಮೊನಾಸ್ಟರಿ', ಅಂದರೆ ಸನ್ಯಾಸಿಗಳ ಮಠ. ಅದರಲ್ಲಿ ಹೆಂಗಸರಿಗೆ ಜಾಗವಿಲ್ಲದ್ದರಿಂದ ದಂಪತಿ ಬೇರೆ ಕುಟೀರದಲ್ಲಿ ಉಳಿದರು.

1963ರಲ್ಲಿ ಮಾರ್ಟೆನ್ ಸ್ಮಿಟ್ ಒಂದು ಒಗಟು ಬಿಡಿಸಿದರು. 3ಸಿ 273 ಎಂಬ, ನಕ್ಷತ್ರದಂತೆ ಕಾಣುವ ಕಾಯದ ರೋಹಿತದ ಗೆರೆಗಳು ಯಾವ ಧಾತುವಿನವೆಂದೇ ತಿಳಿದಿರಲಿಲ್ಲ. ಅವು ನಮ್ಮ ಹಳೆಯ ಪರಿಚಯದ ಹೈಡ್ರೋಜನ್ ಗೆರೆಗಳೇ, ಸುಮಾರು ಶೇ. 16ರಷ್ಟು ಕೆಂಪಿನ ಕಡೆಗೆ ಸರಿದಿದ್ದವು ಅಷ್ಟೆ. 486 ನ್ಯಾನೋಮೀಟರಿನಲ್ಲಿ ಇರಬೇಕಾದ ಗೆರೆ 563ರ ಬಳಿ ಕೂತಿತ್ತು. ಅಂದರೆ ಅದು ನಕ್ಷತ್ರವಲ್ಲ. ಇನ್ನೂರು ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆಯ ಗ್ಯಾಲಕ್ಸಿಯೊಂದರ ಉರಿಯುವ ನಡುಭಾಗ. ಇಂಥವಕ್ಕೆ ಕ್ವೇಸಾರ್ ಎಂದು ಹೆಸರಾಯಿತು.

ಮಾರ್ಗರೆಟ್ ಅವರು ಲಿಕ್ ವೀಕ್ಷಣಾಲಯದ 3 ಮೀಟರ್ ದೂರದರ್ಶಕದಲ್ಲಿ ಒಂದಾದ ಮೇಲೊಂದು ಕ್ವೇಸಾರ್‌ಗಳ ರೋಹಿತ ತೆಗೆದರು. ಅವುಗಳಲ್ಲಿ ಒಂದು 3ಸಿ 191. ಇಲ್ಲಿ ಗೆರೆಗಳ ತರಂಗದೂರ ಹೆಚ್ಚುಕಡಿಮೆ ಮೂರು ಪಟ್ಟಾಗಿದೆ. ಹಾಗಾಗಿ ನಮ್ಮ ವಾತಾವರಣ ತಡೆದುಬಿಡುವ 122 ನ್ಯಾನೋಮೀಟರಿನ ನೇರಳಾತೀತ ಗೆರೆ ಇಗ್ಗಿ 359ರ ಬಳಿ ಬಂದು, ನೆಲದ ಮೇಲಿನ ಫಲಕಕ್ಕೇ ಸಿಕ್ಕಿತು. ಕೆಲವು ಗೆರೆಗಳು ಕಪ್ಪಗೂ ಇದ್ದವು: ದಾರಿಯಲ್ಲಿ ಯಾವುದೋ ಅನಿಲ ಆ ಬೆಳಕನ್ನು ಹೀರಿತ್ತು. ಒಂದು ಮಸುಕು ಚುಕ್ಕೆಯಿಂದ ಇಷ್ಟೆಲ್ಲ!

1972ರಲ್ಲಿ ಅವರು ಗ್ರೀನಿಚ್ ವೀಕ್ಷಣಾಲಯದ ನಿರ್ದೇಶಕಿಯಾದರು. ಸುಮಾರು 300 ವರ್ಷ ಆ ಕುರ್ಚಿಯ ಜೊತೆಗೇ ಬರುತ್ತಿದ್ದ 'ಅಸ್ಟ್ರಾನಮರ್ ರಾಯಲ್' ಬಿರುದು ಮಾತ್ರ ಈ ಸಲ ಬೇರೊಬ್ಬರಿಗೆ ಹೋಯಿತು. ಅದಕ್ಕೆ ಸ್ವಲ್ಪ ಮೊದಲು, ಮಹಿಳೆಯರಿಗಷ್ಟೇ ಕೊಡುವ ಆನಿ ಜಂಪ್ ಕ್ಯಾನನ್ ಪ್ರಶಸ್ತಿಯನ್ನು ಅವರು ಬೇಡವೆಂದಿದ್ದರು. ತಾರತಮ್ಯ ಹೆಣ್ಣಿನ ವಿರುದ್ಧವಿರಲಿ, ಪರವಾಗಿರಲಿ, ಎರಡೂ ಸಲ್ಲದು ಎಂಬುದು ಅವರ ನಿಲುವು. ಮಹಿಳಾ ವೇದಿಕೆಯ ಸಂಚಿಕೆಗೆ ಇದನ್ನು ಬರೆಯುವಾಗ ನನಗೆ ಕೊಂಚ ಮುಜುಗರವೇ. ನಾನಾಗಿದ್ದರೆ ತೆಗೆದುಕೊಳ್ಳುತ್ತಿದ್ದೆನೇನೋ.

ಹಬಲ್ ದೂರದರ್ಶಕದ ಮಸುಕು ಕಾಯಗಳ ರೋಹಿತಮಾಪಕವನ್ನು ರೂಪಿಸಿದ ತಂಡದಲ್ಲಿ ಅವರಿದ್ದರು. 1994ರಲ್ಲಿ ಅದೇ ಉಪಕರಣದಿಂದ ಬೇರೆ ವಿಜ್ಞಾನಿಗಳು ಎಂ87 ಗ್ಯಾಲಕ್ಸಿಯ ನಡುವಿನ ಅನಿಲದ ತಟ್ಟೆಯನ್ನು ನೋಡಿದರು. ಒಂದು ಬದಿಯ ಗೆರೆಗಳು ನೀಲಿಗೆ, ಇನ್ನೊಂದು ಬದಿಯವು ಕೆಂಪಿಗೆ ಸರಿದಿದ್ದವು. ಆ ವೇಗದಲ್ಲಿ ಅನಿಲ ಸುತ್ತಬೇಕಾದರೆ ನಡುವೆ 200 ಕೋಟಿಗೂ ಹೆಚ್ಚು ಸೂರ್ಯರ ತೂಕ ಇರಲೇಬೇಕು, ಅಂದರೆ ಕಪ್ಪು ಕುಳಿ. ಆಗ ಮಾರ್ಗರೆಟ್ ಅವರಿಗೆ 74 ವರ್ಷ.