ಎರಡು ಎಪ್ಪಿಂಗ್‌ಗಳು ಮತ್ತು ವೇತನವ್ಯಾಜ್ಯದ ಅಧಿಕಾರವ್ಯಾಪ್ತಿ

ಮೆಲ್ಬರ್ನಿನ ಉತ್ತರದಂಚಿನ ಎಪ್ಪಿಂಗ್‌ನಲ್ಲಿ ಸಾರ್ವಜನಿಕ ಆಸ್ಪತ್ರೆಯ ದಾದಿಯೊಬ್ಬರಿಗೂ, ಸಿಡ್ನಿಯ ಎಪ್ಪಿಂಗ್‌ನಲ್ಲಿ ಸರಕಾರಿ ಶಾಲೆಯ ಉಪಾಧ್ಯಾಯಿನಿಯೊಬ್ಬರಿಗೂ ಸಂಬಳದಲ್ಲಿ ಕೊರತೆ ಬಿದ್ದಿತೆನ್ನೋಣ. ಊರಿನ ಹೆಸರೊಂದೇ ಆದರೂ ಅವರು ನ್ಯಾಯ ಕೇಳಿಕೊಂಡು ಹೋಗಬೇಕಾದ ಪೀಠಗಳು ಬೇರೆ. ವಿಕ್ಟೋರಿಯ ರಾಜ್ಯವು 1996ರಲ್ಲಿ ತನ್ನ ಔದ್ಯೋಗಿಕ ಅಧಿಕಾರದ ಬಹುಭಾಗವನ್ನು ಕೇಂದ್ರಕ್ಕೆ ಒಪ್ಪಿಸಿತು. ನ್ಯೂ ಸೌತ್ ವೇಲ್ಸ್ 2010ರಿಂದ ಖಾಸಗಿ ರಂಗವನ್ನಷ್ಟೇ ಬಿಟ್ಟುಕೊಟ್ಟು, ತನ್ನ ನೌಕರರನ್ನು ತನ್ನದೇ ಆಯೋಗದ ಅಧೀನದಲ್ಲಿ ಉಳಿಸಿಕೊಂಡಿತು.

ಭೌಗೋಳಿಕವಾದ ಈ ಭೇದಕ್ಕಿಂತ ಗಹನವಾದುದು ಅಧಿಕಾರದ ಸ್ವರೂಪಭೇದ. ಒಂದಕ್ಕಿಂತ ಹೆಚ್ಚು ರಾಜ್ಯಗಳಿಗೆ ಹಬ್ಬಿದ ವಿವಾದಗಳ ಪರಿಹಾರಕ್ಕೆಂದು 1904ರ ಶಾಸನದಿಂದ ಜನಿಸಿದ ಸಂಧಾನ ಮತ್ತು ಮಧ್ಯಸ್ಥಿಕೆ ನ್ಯಾಯಾಲಯವು, 1907ರಲ್ಲಿ ನ್ಯಾಯಮೂರ್ತಿ ಹಿಗಿನ್ಸ್ ಅವರು ಮೆಕೇ ಅವರ ಹಾರ್ವೆಸ್ಟರ್ ಕಾರ್ಖಾನೆಯ ಪ್ರಕರಣದಲ್ಲಿ ಕಸಬು ಕಲಿಯದ ಕೂಲಿಗೂ ದಿನಕ್ಕೆ 7 ಷಿಲಿಂಗು ಸಲ್ಲತಕ್ಕದ್ದೆಂದು ವಿಧಿಸಿದಂದಿನಿಂದ ಲೋಕಪ್ರಸಿದ್ಧವಾಯಿತು. ಆದರೆ ಇನ್ನು ಮುಂದೆ ವೇತನ ಎಷ್ಟಿರಬೇಕೆಂದು ಗೊತ್ತುಮಾಡುವುದು ಹಕ್ಕಿನ ಸೃಷ್ಟಿ. ಗೊತ್ತಾದ ವೇತನ ಸಂದಿದೆಯೇ ಎಂದು ವಿಚಾರಿಸಿ ಕೊಡಿಸುವುದು ಹಕ್ಕಿನ ನಿರ್ಣಯ. ಆಜೀವ ಪದವಿಯಿಲ್ಲದ ನ್ಯಾಯಾಧೀಶರಿಗೆ ಎರಡನೆಯ ಅಧಿಕಾರ ಸಲ್ಲದೆಂದು ಆಸ್ಟ್ರೇಲಿಯದ ಹೈಕೋರ್ಟು 1918ರಲ್ಲಿ ತೀರ್ಮಾನಿಸಲು, ಪಾರ್ಲಿಮೆಂಟು 1926ರಲ್ಲಿ ಆ ಪದವಿಯನ್ನೇ ಅವರಿಗೆ ದಯಪಾಲಿಸಿತು. ಮೂವತ್ತು ವರ್ಷ ಹೀಗೆ ನಡೆದ ವ್ಯವಸ್ಥೆಯನ್ನು 1956ರ ಬಾಯ್ಲರ್‌ಮೇಕರ್ಸ್ ತೀರ್ಪು ಕಡಿದುಹಾಕಿತು: ಎರಡು ಅಧಿಕಾರಗಳೂ ಒಂದೇ ಪೀಠದಲ್ಲಿ ಕೂಡಿರಲಾಗದೆಂಬ ಆ ಮತವನ್ನು ಮರುವರ್ಷ ಪ್ರಿವಿ ಕೌನ್ಸಿಲ್ಲೂ ಎತ್ತಿಹಿಡಿಯಿತು. ಅಂದಿನಿಂದ ಹಕ್ಕು ಸೃಷ್ಟಿಸುವ ಕೇಂದ್ರದ ಆಯೋಗ ಬೇರೆ, ಹಕ್ಕು ನಿರ್ಣಯಿಸುವ ನ್ಯಾಯಾಲಯ ಬೇರೆ. ಸಂವಿಧಾನದ ದೃಷ್ಟಿಯಿಂದ ಇದು ನಿರ್ದುಷ್ಟವಿರಬಹುದು; ಬಾಕಿ ಕೂಲಿಗಾಗಿ ಅಲೆಯುವವನಿಗೆ ಮಾತ್ರ ಇದರಿಂದ ಹಾದಿ ದೀರ್ಘವಾಯಿತೆಂದೇ ನನ್ನ ಅಭಿಪ್ರಾಯ.

1991ರ ತರುವಾಯ ಸಂಸ್ಥೆಗೊಂದರಂತೆ ಸಾಮೂಹಿಕ ಒಪ್ಪಂದಗಳು ಬೆಳೆದಂತೆ ಪ್ರಶ್ನೆ ಮತ್ತಷ್ಟು ಸೂಕ್ಷ್ಮವಾಯಿತು. ಒಪ್ಪಂದದ ಅರ್ಥವನ್ನು ಆಯೋಗ ಹೇಳಿದರೆ ಅದು ನ್ಯಾಯಾಲಯದ ಕಾರ್ಯದ ಅತಿಕ್ರಮಣವಲ್ಲವೇ? ಉಭಯಪಕ್ಷಗಳೂ ತಾವಾಗಿ ಒಪ್ಪಿ ಆ ಅಧಿಕಾರವನ್ನು ಕೊಟ್ಟಿದ್ದರೆ ಅದು ಖಾಸಗಿ ಮಧ್ಯಸ್ಥಿಕೆಯೇ ಹೊರತು ರಾಜ್ಯಶಕ್ತಿಯ ನ್ಯಾಯದಾನವಲ್ಲವೆಂದು ಹೈಕೋರ್ಟು 2001ರಲ್ಲಿ ವಿವೇಚಿಸಿತು. 2009ರ ಫೇರ್ ವರ್ಕ್ ಶಾಸನವು ಅದೇ ತಳಹದಿಯ ಮೇಲೆ ನಿಂತಿದೆ. ಆದುದರಿಂದ ಮೇಲೆ ಹೇಳಿದ ದಾದಿಗೆ ರಾತ್ರಿಪಾಳಿಯ ಭತ್ಯೆ ಯಾವ ಗಂಟೆಯಿಂದ ಸಲ್ಲಬೇಕೆಂಬ ವಿವಾದವನ್ನು ಫೇರ್ ವರ್ಕ್ ಆಯೋಗವು ಇತ್ಯರ್ಥಪಡಿಸಬೇಕಾದರೆ, ಆಕೆಯ ಒಪ್ಪಂದದ ವಿವಾದಪರಿಹಾರದ ಕಲಮಿನಲ್ಲಿ ಮಧ್ಯಸ್ಥಿಕೆಗೆ ಸಮ್ಮತಿ ಬರೆದಿರಲೇಬೇಕು. ಬಾಕಿಯ ವಸೂಲಿಗಾದರೋ ಆರು ವರ್ಷದೊಳಗೆ ನ್ಯಾಯಾಲಯವನ್ನೇ ಆಶ್ರಯಿಸಬೇಕು. ಸಾಕ್ಷ್ಯನಿಯಮಗಳ ಬಿಗಿಯಿಲ್ಲದೆ, ಸಾಮಾನ್ಯವಾಗಿ ವಕೀಲರ ನೆರವಿಲ್ಲದೆ ನಡೆಯುವ ಸಣ್ಣ ಮೊತ್ತದ ದಾವೆಗಳ ಮಿತಿಯನ್ನು 2023ರ ಜುಲೈ 1ರಿಂದ 20,000 ಡಾಲರಿನಿಂದ 1,00,000 ಡಾಲರಿಗೆ ಏರಿಸಿದುದು, ನಾನು ಕಂಡಂತೆ, ಈ ಶತಮಾನದ ಸಿದ್ಧಾಂತಚರ್ಚೆಗಳೆಲ್ಲಕ್ಕಿಂತಲೂ ಹೆಚ್ಚಿನ ಉಪಕಾರ.

ನಮ್ಮ ಭಾರತದಲ್ಲಾದರೋ 1947ರ ಔದ್ಯೋಗಿಕ ವಿವಾದಗಳ ಕಾಯಿದೆಯ 33ಸಿ(2) ಪ್ರಕರಣದಡಿ ಕಾರ್ಮಿಕ ನ್ಯಾಯಾಲಯವೇ ಬಾಕಿಯನ್ನು ಲೆಕ್ಕಹಾಕುವ ಪದ್ಧತಿ ಬೆಳೆದುಬಂದಿತು. ಆ ಸಂದರ್ಭದಲ್ಲಿ ಒಪ್ಪಂದದ ಅರ್ಥವನ್ನೂ ವಿಚಾರಿಸಬಹುದೆಂದು ಸೆಂಟ್ರಲ್ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1963ರಲ್ಲೇ ಅನುಮತಿಸಿತು. ಇಂಥದೊಂದು ಏಕಪೀಠದ ಮೌಲ್ಯವನ್ನು ಸಿಡ್ನಿಯವರೂ ಮನಗಂಡಂತಿದೆ: 2016ರ ಕೊನೆಯಲ್ಲಿ ತನ್ನ ಔದ್ಯೋಗಿಕ ನ್ಯಾಯಾಲಯವನ್ನು ರದ್ದುಪಡಿಸಿ ಅದರ ಕೆಲಸವನ್ನು ತನ್ನ ಸುಪ್ರೀಂ ಕೋರ್ಟಿಗೆ ವಹಿಸಿದ್ದ ನ್ಯೂ ಸೌತ್ ವೇಲ್ಸ್, 2024ರ ಜುಲೈ 1ರಿಂದ ಅದನ್ನು ಪುನಃಸ್ಥಾಪಿಸಿದೆ.