ಗಡಿ ದಾಟಿದ ತನಿಖೆ

ಖಾನಾಪುರದ ಕಾಡಿಗೆ ಒಂದು ಮಗ್ಗುಲಲ್ಲಿ ಗೋವಾ, ಇನ್ನೊಂದರಲ್ಲಿ ಮಹಾರಾಷ್ಟ್ರ. ಅಲ್ಲಿ ಗಡಿಯ ಗೊಡವೆ ಪೊಲೀಸರಿಗೆ ಮಾತ್ರ. ಸಂವಿಧಾನದಲ್ಲಿ ಪೊಲೀಸ್ ರಾಜ್ಯಕ್ಕೆ ಸೇರಿದ ವಿಷಯ.

2013ರಲ್ಲಿ ಪುಣೆಯಲ್ಲಿ ದಾಭೋಲ್ಕರ್, 2015ರಲ್ಲಿ ಕೊಲ್ಲಾಪುರದಲ್ಲಿ ಪಾನ್ಸರೆ, ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಗುಂಡಿಗೆ ಬಲಿಯಾದರು. ಸಿಬಿಐ, ಮಹಾರಾಷ್ಟ್ರದ ತನಿಖಾ ದಳ, ಕರ್ನಾಟಕದ ಸಿಐಡಿ ಹೀಗೆ ಕಡತಗಳು ಮೂರು ಕಡೆ ಹಂಚಿಹೋದವು. 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಯಾದಾಗ ಗುಂಡುಗಳನ್ನು ಹೋಲಿಸಿ ನೋಡಲಾಯಿತು. ಗೌರಿ, ಕಲಬುರ್ಗಿ ಇಬ್ಬರ ಮೇಲೂ ಬಳಕೆಯಾದದ್ದು ಒಂದೇ ಪಿಸ್ತೂಲೆಂದು ವಿಧಿವಿಜ್ಞಾನ ವರದಿ ಹೇಳಿತು. ಜಾಡು ಬೆಳಗಾವಿಗೂ ಬಂತು. ಖಾನಾಪುರ ತಾಲ್ಲೂಕಿನಲ್ಲಿ ಗುಂಡು ಹಾರಿಸುವ ತರಬೇತಿ ನಡೆದಿತ್ತೆಂಬುದು ಕರ್ನಾಟಕದ ವಿಶೇಷ ತನಿಖಾ ದಳದ ಆರೋಪ.

2018ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಭಯೋತ್ಪಾದನಾ ನಿಗ್ರಹ ದಳ ನಾಲಾಸೋಪಾರದಲ್ಲಿ ನಾಡಬಾಂಬುಗಳನ್ನು ಹಿಡಿಯಿತು. ಕರ್ನಾಟಕ ಕೊಟ್ಟ ಸುಳಿವೂ ನೆರವಾಗಿತ್ತೆಂದು ಆಗ ವರದಿಯಾಯಿತು. ಸಿಡಿಯುವ ಮೊದಲೇ ಸಿಕ್ಕಿದ್ದು ಸಣ್ಣ ಮಾತಲ್ಲ. ಕಲಬುರ್ಗಿ ಪ್ರಕರಣವನ್ನು ಸುಪ್ರೀಂ ಕೋರ್ಟ್ ಇದೇ ತನಿಖಾ ದಳಕ್ಕೆ ಒಪ್ಪಿಸಿದ್ದು 2019ರಲ್ಲಿ. ಅಷ್ಟರಲ್ಲಿ ಮೂರೂವರೆ ವರ್ಷ ಕಳೆದಿತ್ತು.